ಹವಳದ ನೀರಿಗೆ ಯಾವ ನಕ್ಷೆ, ಯಾವ ಕೈಪಿಡಿ? ಓದುಗರ ಪ್ರಶ್ನೆಗಳಿಗೆ ಉತ್ತರ

ಉಷ್ಣವಲಯದ ದ್ವೀಪಗಳ ನಡುವೆ ಸ್ವಂತ ದೋಣಿಯಲ್ಲಿ ಸಂಚರಿಸುವ ಕುರಿತು ಬಂದ ಪತ್ರಗಳಲ್ಲಿ ಹೆಚ್ಚಿನವು ನಕ್ಷೆ ಮತ್ತು ಮಾರ್ಗದರ್ಶಿ ಪುಸ್ತಕಗಳ ಆಯ್ಕೆಯದ್ದೇ. ಈ ಸಲದ ಅಂಕಣವನ್ನು ಅವಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮದು ಹನ್ನೆರಡು ಮೀಟರ್ ಉದ್ದದ ಹಾಯಿದೋಣಿ. ದಕ್ಷಿಣ ಪೆಸಿಫಿಕ್ ದ್ವೀಪಗಳಲ್ಲಿ ಒಂದು ಋತು ಕಳೆಯುವ ಯೋಚನೆಯಿದೆ. ನಕ್ಷೆಗಳ ಪಟ್ಟಿ ನೋಡಿದರೆ ಎಲ್ಲಿಂದ ಶುರು ಮಾಡುವುದೆಂದೇ ತಿಳಿಯುತ್ತಿಲ್ಲ. ಎಲ್ಲವನ್ನೂ ಕೊಳ್ಳಬೇಕೆ?

ಬೇಡ. ಮೊದಲು ಕಾಲ ಗೊತ್ತುಮಾಡಿಕೊಳ್ಳಿ. ದಕ್ಷಿಣ ಪೆಸಿಫಿಕ್‌ನಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಉಳಿದ ಆರು ತಿಂಗಳಲ್ಲಿ ಎಲ್ಲಿಂದ ಎಲ್ಲಿಗೆ ಹೋಗಬಹುದು ಎಂಬುದನ್ನು ಪೈಲಟ್ ಚಾರ್ಟ್ ಹೇಳುತ್ತದೆ. ತಿಂಗಳಿಗೊಂದರಂತೆ ಹನ್ನೆರಡು ಹಾಳೆ. ಗಾಳಿ ಯಾವ ದಿಕ್ಕಿನಿಂದ ಶೇಕಡಾ ಎಷ್ಟು ಪಾಲು, ಎಷ್ಟು ಬಲದಲ್ಲಿ ಬೀಸುತ್ತದೆ, ಪ್ರವಾಹ ಎತ್ತ ಹರಿಯುತ್ತದೆ ಎಂಬುದೆಲ್ಲ ಅದರಲ್ಲಿರುತ್ತದೆ. ಅಮೆರಿಕದ ಸರ್ಕಾರಿ ಪ್ರಕಟಣೆಗಳಲ್ಲಿ 107ನೇ ಸಂಖ್ಯೆಯದು ದಕ್ಷಿಣ ಪೆಸಿಫಿಕ್‌ನದು, 109 ಹಿಂದೂ ಮಹಾಸಾಗರದ್ದು. ಎರಡೂ ಉಚಿತವಾಗಿ ಸಿಗುತ್ತವೆ.

ದಾರಿ ಗೊತ್ತಾದ ಮೇಲೆ ನಕ್ಷೆಗಳನ್ನು ಮೂರು ಹಂತದಲ್ಲಿ ಆರಿಸಿ. ಇಡೀ ದಾರಿ ಒಂದೆರಡು ಹಾಳೆಯಲ್ಲಿ ಕಾಣುವ, 1:15,00,000ರ ಆಸುಪಾಸಿನ ಸಾಗರ ನಕ್ಷೆ; ಪ್ರತಿ ದ್ವೀಪಸಮೂಹಕ್ಕೆ 1:2,00,000ರ ಸುತ್ತಮುತ್ತಲಿನದು; ನೀವು ನಿಜವಾಗಿ ಒಳಹೊಕ್ಕು ಲಂಗರು ಹಾಕುವ ಜಾಗಗಳಿಗೆ 1:50,000 ಅಥವಾ ಅದಕ್ಕಿಂತ ವಿವರವಾದದ್ದು. ಮೂರನೆಯ ಹಂತದಲ್ಲಿ ಒಂದು ಮಾತು ನೆನಪಿಡಿ. ಹೋಗುವ ಜಾಗದ ಜೊತೆಗೆ, ಹವಾಮಾನ ಕೆಟ್ಟರೆ ಓಡಿಹೋಗಿ ಸೇರಬಹುದಾದ ಎರಡು ಜಾಗಗಳ ವಿವರ ನಕ್ಷೆಯೂ ದೋಣಿಯಲ್ಲಿರಲಿ. ಅನೇಕರು ಉಳಿತಾಯ ಮಾಡುವುದು ಇಲ್ಲೇ, ಪಶ್ಚಾತ್ತಾಪ ಪಡುವುದೂ ಇಲ್ಲೇ.

ಯಾವ ದೇಶದ ನಕ್ಷೆ ಎಂಬುದೂ ಮುಖ್ಯ. ಆ ಪ್ರದೇಶವನ್ನು ಅಳೆಯುವ ಹೊಣೆ ಹೊತ್ತ ಕಚೇರಿಯ ನಕ್ಷೆಯೇ ಮೂಲ, ಉಳಿದವು ಅದರ ನಕಲು. ಫ್ರೆಂಚ್ ಪಾಲಿನೇಷ್ಯಾ ಮತ್ತು ನ್ಯೂ ಕ್ಯಾಲೆಡೋನಿಯಾಗೆ ಫ್ರಾನ್ಸ್. ಕುಕ್ ದ್ವೀಪಗಳು, ಸಮೋವಾ, ಟೋಂಗಾ, ನಿಯುಎಗೆ ನ್ಯೂಜಿಲೆಂಡ್. ಪಪುವಾ ನ್ಯೂಗಿನಿ, ಸಾಲೊಮನ್ ದ್ವೀಪಗಳಿಗೆ ಆಸ್ಟ್ರೇಲಿಯಾ. ಹೊಸ ಅಳತೆ ನಡೆದರೆ ಮೊದಲು ಮೂಲ ನಕ್ಷೆಗೆ ಸೇರುತ್ತದೆ, ನಕಲಿಗೆ ತಡವಾಗಿ ಬರುತ್ತದೆ.

ಪ್ರಶ್ನೆ: ಹೊಸ ಪ್ಲಾಟರ್ (ನಕ್ಷೆಯ ಮೇಲೆ ದೋಣಿಯ ಸ್ಥಾನ ತೋರಿಸುವ ಪರದೆ), ಹೊಸ ಆವೃತ್ತಿಯ ಎಲೆಕ್ಟ್ರಾನಿಕ್ ನಕ್ಷೆ ಎರಡೂ ಇವೆ. ಜಿಪಿಎಸ್ ಕೆಲವೇ ಮೀಟರ್ ನಿಖರತೆ ಕೊಡುತ್ತದೆ. ಆದರೂ ಹವಳದ ದಿಬ್ಬಗಳ ನಡುವೆ ಅದನ್ನು ನಂಬಬೇಡಿ ಎನ್ನುತ್ತಾರೆ. ಏಕೆ?

ನಿಮ್ಮ ಜಿಪಿಎಸ್ ಸರಿಯಾಗಿಯೇ ಇದೆ. ನಕ್ಷೆಯಲ್ಲಿರುವ ದಿಬ್ಬವನ್ನು ಯಾರು, ಯಾವಾಗ, ಯಾವ ಉಪಕರಣದಿಂದ ಅಳೆದರು ಎಂಬುದು ಬೇರೆಯೇ ಪ್ರಶ್ನೆ. ಆವೃತ್ತಿಯ ವರ್ಷ ಮುದ್ರಣದ್ದು, ಅಳತೆಯದ್ದಲ್ಲ. ಮಾಲ್ಡೀವ್ಸ್ ದ್ವೀಪಗಳ ಮೊದಲ ಕ್ರಮಬದ್ಧ ಅಳತೆಯನ್ನು ರಾಬರ್ಟ್ ಮೋರೆಸ್ಬಿ 1834ರಿಂದ 1836ರ ನಡುವೆ ಮಾಡಿದರು. ಆ ಕಾಲದ ವಿಧಾನವೆಂದರೆ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಡುವುದು. ಪೆಸಿಫಿಕ್‌ನ ಎಷ್ಟೋ ಲಗೂನ್‌ಗಳ (ಹವಳದ ದಿಬ್ಬ ಸುತ್ತುವರಿದ ಕೊಳಗಳ) ಆಳದ ಅಂಕಿಗಳು ಇಂಥ ಅಳತೆಯಿಂದಲೇ ಬಂದವು; ಅವನ್ನು ಡಿಜಿಟಲ್ ಮಾಡಿದಾಗ ಅಂಕಿಗಳ ಬಣ್ಣ ಬದಲಾಯಿತೇ ಹೊರತು ಅಂಕಿ ಬದಲಾಗಲಿಲ್ಲ.

ಸೀಸದ ಗುಂಡು ಬಿದ್ದ ಜಾಗದ ಆಳ ಮಾತ್ರ ಗೊತ್ತಾಗುತ್ತದೆ. ಹಳೆಯ ಅಳತೆಗಳಲ್ಲಿ ದೋಣಿ ಸಾಗುವ ಸಾಲುಗಳ ನಡುವೆ ಹಾಳೆಯ ಮೇಲೆ ಸಾಮಾನ್ಯವಾಗಿ ಐದು ಮಿಲಿಮೀಟರ್ ಅಂತರ. 1:50,000ರ ಹಾಳೆಯಲ್ಲಿ ಅದು 250 ಮೀಟರ್. ಇಪ್ಪತ್ತು ಮೀಟರ್ ಅಗಲದ ಹವಳದ ಕಂಬ ತಳದಿಂದ ನೇರ ಮೇಲೆದ್ದು ನೀರಿನ ಮಟ್ಟಕ್ಕೆ ಬಂದಿದ್ದರೂ ಎರಡು ಸಾಲಿನ ನಡುವೆ ಸುಲಭವಾಗಿ ತಪ್ಪಿಹೋಗುತ್ತದೆ. ಮರಳಿನ ಕರಾವಳಿಯಲ್ಲಿ ತಳ ನಿಧಾನವಾಗಿ ಏರುವುದರಿಂದ ಆಳಮಾಪಕ ಮುಂಚೆಯೇ ಎಚ್ಚರಿಸುತ್ತದೆ. ಹವಳದಲ್ಲಿ 25 ಮೀಟರ್ ಎಂದು ತೋರಿಸುತ್ತಿರುವಾಗಲೇ ದೋಣಿಯ ತಳದ ಕೀಲ್ ತಗಲಿರುತ್ತದೆ.

ಹಾಗಾಗಿ ನಕ್ಷೆ ಕೈಗೆ ಬಂದೊಡನೆ ಮೊದಲು ನೋಡಬೇಕಾದ್ದು ಮೂಲೆಯಲ್ಲಿರುವ ಪುಟ್ಟ ಆಕರ ಚಿತ್ರ. ಯಾವ ಭಾಗವನ್ನು ಯಾವ ವರ್ಷ, ಯಾವ ಪ್ರಮಾಣದಲ್ಲಿ ಅಳೆದರು ಎಂದು ಅಲ್ಲಿರುತ್ತದೆ. ಅಧಿಕೃತ ಎಲೆಕ್ಟ್ರಾನಿಕ್ ನಕ್ಷೆಯಲ್ಲಿ ಇದರ ಬದಲು ಜೋಕ್ (ZOC) ಎಂಬ ವಿಶ್ವಾಸದ ದರ್ಜೆ ಇರುತ್ತದೆ. ಎ1 ದರ್ಜೆಯಲ್ಲಿ ಸ್ಥಾನದ ತಪ್ಪು ಐದು ಮೀಟರ್ ಮತ್ತು ಆಳದ ಶೇ. 5, ಆಳದ ತಪ್ಪು ಅರ್ಧ ಮೀಟರ್ ಮತ್ತು ಆಳದ ಶೇ. 1. ಬಿ ದರ್ಜೆಯಲ್ಲಿ ಸ್ಥಾನ 50 ಮೀಟರ್, ಆಳ ಒಂದು ಮೀಟರ್ ಮತ್ತು ಶೇ. 2. ಸಿ ದರ್ಜೆಗೆ ಬಂದರೆ ಸ್ಥಾನ 500 ಮೀಟರ್, ಆಳ ಎರಡು ಮೀಟರ್ ಮತ್ತು ಶೇ. 5. ಡಿ ಅದಕ್ಕಿಂತಲೂ ಕಡೆ.

ಲೆಕ್ಕ ಹಾಕಿ ನೋಡಿ. ಸಿ ದರ್ಜೆಯ ಜಾಗದಲ್ಲಿ ನಕ್ಷೆ ಐದು ಮೀಟರ್ ಎನ್ನುತ್ತದೆ. ತಪ್ಪಿನ ಮಿತಿ 2.25 ಮೀಟರ್, ನಿಜದಲ್ಲಿ 2.75 ಇರಬಹುದು. ಒಂದು ಮೀಟರ್ ಅಲೆಯಿದ್ದರೆ ಅದರ ಅರ್ಧ ಕಳೆಯಿರಿ: 2.25. ದೋಣಿಯ 1.8 ಮೀಟರ್ ನೀರಿನೊಳಗೆ ಮುಳುಗಿದ್ದರೆ ಕೀಲ್ ಕೆಳಗೆ ಉಳಿದದ್ದು 45 ಸೆಂಟಿಮೀಟರ್. ಅದೂ ಯಾರ ಅಳತೆಗೂ ಸಿಗದ ಬಂಡೆ ಅಲ್ಲಿ ಇಲ್ಲವೆಂದಾದರೆ ಮಾತ್ರ.

ಎರಡನೆಯ ತೊಡಕು ಡೇಟಂ, ಅಂದರೆ ಅಕ್ಷಾಂಶ ರೇಖಾಂಶಗಳನ್ನು ಎಣಿಸುವ ಆಧಾರ. ಜಿಪಿಎಸ್ ಕೆಲಸ ಮಾಡುವುದು ಡಬ್ಲ್ಯೂಜಿಎಸ್-84 ಆಧಾರದ ಮೇಲೆ. ಹಳೆಯ ನಕ್ಷೆಗಳಲ್ಲಿ ದ್ವೀಪದ ಸ್ಥಾನವನ್ನು ನಕ್ಷತ್ರ ನೋಡಿ ನಿರ್ಧರಿಸಿದ್ದರಿಂದ ಇಡೀ ದ್ವೀಪವೇ ನೂರಾರು ಮೀಟರ್, ಕೆಲವೆಡೆ ಒಂದು ಮೈಲಿಗೂ ಹೆಚ್ಚು ಸರಿದಿರುತ್ತದೆ. ಉಪಗ್ರಹದ ಸ್ಥಾನವನ್ನು ಉತ್ತರಕ್ಕೆ 0.3 ನಿಮಿಷ ಸರಿಸಿ ಗುರುತಿಸಬೇಕು ಎಂಬಂಥ ಟಿಪ್ಪಣಿ ಶೀರ್ಷಿಕೆಯ ಕೆಳಗೆ ಇದ್ದರೆ ಅದು 556 ಮೀಟರ್. ಅಷ್ಟರಲ್ಲಿ ಒಂದು ಲಗೂನ್‌ನ ಬಾಯಿ, ಅಂದರೆ ದಿಬ್ಬದ ನಡುವಿನ ಪ್ರವೇಶದ ಕಿಂಡಿ, ಪೂರ್ತಿ ತಪ್ಪಿಹೋಗುತ್ತದೆ. ಟಿಪ್ಪಣಿಯೇ ಇಲ್ಲದ ನಕ್ಷೆ ಇನ್ನೂ ಅಪಾಯ, ಏಕೆಂದರೆ ಎಷ್ಟು ಸರಿದಿದೆ ಎಂಬುದು ತಯಾರಿಸಿದವರಿಗೂ ತಿಳಿದಿಲ್ಲ ಎಂದರ್ಥ. ಇದನ್ನು ಪರೀಕ್ಷಿಸಲು ದಾರಿಯಿದೆ: ರೇಡಾರ್ ಚಿತ್ರವನ್ನು ನಕ್ಷೆಯ ಮೇಲೆ ಹೊದಿಸಿ ದಡದ ಗೆರೆ ಕೂಡುತ್ತದೆಯೇ ನೋಡಿ, ರೇಡಾರ್ ಇಲ್ಲದಿದ್ದರೆ ಹೊರಗಿನ ಆಳದ ನೀರಿನಲ್ಲಿ ನಿಂತು ಎರಡು ಗುಡ್ಡದ ತುದಿಗಳಿಗೆ ದಿಕ್ಸೂಚಿ ಹಿಡಿದು ಸ್ಥಾನ ಗುರುತಿಸಿ ಜಿಪಿಎಸ್ ಸ್ಥಾನದೊಂದಿಗೆ ಹೋಲಿಸಿ. ಸಿಕ್ಕ ವ್ಯತ್ಯಾಸ ಆ ದ್ವೀಪಕ್ಕೆ ಮಾತ್ರ. ಪಕ್ಕದ ದ್ವೀಪದಲ್ಲಿ ಮತ್ತೆ ನೋಡಬೇಕು.

ನಕ್ಷೆಯಲ್ಲಿ ಬಂಡೆಯ ಪಕ್ಕ ಕಾಣುವ ಅಕ್ಷರಗಳಲ್ಲಿ ಪಿಎ ಎಂದರೆ ಸ್ಥಾನ ಅಂದಾಜು, ಪಿಡಿ ಎಂದರೆ ಸ್ಥಾನ ಅನುಮಾನ, ಇಡಿ ಎಂದರೆ ಅಲ್ಲಿ ಅಂಥದ್ದು ಇದೆಯೋ ಇಲ್ಲವೋ ಅನುಮಾನ. ಹಡಗಿನವರು ಎಂದೋ ಕಂಡು ವರದಿ ಮಾಡಿದ ಬಂಡೆಯ ಪಕ್ಕ ವರ್ಷವಿರುತ್ತದೆ. ಇವನ್ನೆಲ್ಲ ಇರುವ ಬಂಡೆಗಳೆಂದೇ ಎಣಿಸಿ ದೂರದಿಂದ ಹಾದುಹೋಗಿ.

ಪ್ರಶ್ನೆ: ಪ್ಲಾಟರ್‌ನಲ್ಲಿ ದಾರಿ ಎಳೆದಾಗ ಏನೂ ಅಡ್ಡ ಕಾಣಲಿಲ್ಲ. ಹಿಗ್ಗಿಸಿ ನೋಡಿದರೆ ನಟ್ಟನಡುವೆ ದಿಬ್ಬ! ಇದು ಉಪಕರಣದ ದೋಷವೆ?

ದೋಷವಲ್ಲ, ವೆಕ್ಟರ್ ನಕ್ಷೆಗಳ (ಪ್ರತಿ ವಸ್ತುವನ್ನೂ ಬೇರೆಬೇರೆಯಾಗಿ ದಾಖಲಿಸಿದ ಎಲೆಕ್ಟ್ರಾನಿಕ್ ನಕ್ಷೆಗಳ) ಸ್ವಭಾವವೇ ಹಾಗೆ. ಪರದೆ ತುಂಬಿಹೋಗದಿರಲೆಂದು ಪ್ರತಿ ವಸ್ತುವಿಗೂ ಇಂತಿಷ್ಟು ಪ್ರಮಾಣಕ್ಕಿಂತ ಕುಗ್ಗಿಸಿದರೆ ಮಾಯವಾಗು ಎಂಬ ಸೂಚನೆ ಸೇರಿಸಿರುತ್ತಾರೆ. 2014ರ ನವೆಂಬರ್ 29ರಂದು ವೋಲ್ವೊ ಓಷನ್ ರೇಸ್ ಎಂಬ ಹಾಯಿದೋಣಿ ಪಂದ್ಯದ ಟೀಮ್ ವೆಸ್ಟಾಸ್ ವಿಂಡ್ ದೋಣಿ ಮಾರಿಷಸ್‌ನ ಈಶಾನ್ಯಕ್ಕಿರುವ ಕಾರ್ಗಾಡೋಸ್ ಕರಾಜೋಸ್ ದಿಬ್ಬಕ್ಕೆ ರಾತ್ರಿ ಅಪ್ಪಳಿಸಿತು. ಒಂಬತ್ತೂ ಮಂದಿ ಬದುಕಿದರು. ಅನುಭವಿ ನಾವಿಕರಿದ್ದ ಆ ದೋಣಿಯಲ್ಲಿ ನಕ್ಷೆಯನ್ನು ಸಾಕಷ್ಟು ಹಿಗ್ಗಿಸಿ ನೋಡಿರಲಿಲ್ಲ ಎಂಬುದು ಮುಂದಿನ ವರ್ಷ ಬಂದ ಸ್ವತಂತ್ರ ವರದಿಯ ಮುಖ್ಯ ಅಂಶಗಳಲ್ಲೊಂದು. ಹತ್ತಾರು ಕಿಲೋಮೀಟರ್ ಉದ್ದದ ದಿಬ್ಬಸಾಲು ಅದು.

ದಾರಿ ಎಳೆದ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿವರೆಗೆ, 1:50,000ದಷ್ಟು ಹಿಗ್ಗಿಸಿ, ಗೆರೆಯ ಎರಡೂ ಬದಿಗೆ ಐದೈದು ಮೈಲಿ ಕಾಣುವಂತೆ ಸರಿಸುತ್ತಾ ನೋಡಿ. ಬೇಸರದ ಕೆಲಸ, ಬಿಡುವಂತಿಲ್ಲ. ಅದೇ ದಾರಿಯನ್ನು ಕಾಗದದ ಸಾಗರ ನಕ್ಷೆಯಲ್ಲೂ ಎಳೆಯಿರಿ. ಅದರಲ್ಲಿ ನಕ್ಷೆ ಬರೆಯುವವರು ಪುಟ್ಟ ದಿಬ್ಬವನ್ನೂ ಕೈಯಾರೆ ಎದ್ದುಕಾಣಿಸಿರುತ್ತಾರೆ. ಮೂಲ ಪ್ರಮಾಣಕ್ಕಿಂತ ಹೆಚ್ಚು ಹಿಗ್ಗಿಸಿದರೆ ಹೊಸ ವಿವರ ಹುಟ್ಟುವುದಿಲ್ಲ ಎಂಬುದನ್ನೂ ಗಮನಿಸಿ. ಆಗ ಖಾಲಿ ನೀಲಿ ಕಂಡರೆ ಅದು ಸ್ವಚ್ಛ ನೀರಿನ ಗುರುತಲ್ಲ.

ಪ್ರಶ್ನೆ: ಕಾಗದದ ನಕ್ಷೆಗಳು ನಿಂತೇ ಹೋಗುತ್ತಿವೆ ಎಂದು ಕೇಳಿದೆ. ಇನ್ನೂ ಅವು ಬೇಕೆ?

ಅಮೆರಿಕದ ಕರಾವಳಿಯ ನಕ್ಷೆ ತಯಾರಿಸುವ ನೋವಾ ಸಂಸ್ಥೆ 2019ರಲ್ಲಿ ಘೋಷಿಸಿ, ಐದು ವರ್ಷಗಳಲ್ಲಿ ಸಾಂಪ್ರದಾಯಿಕ ಕಾಗದದ ನಕ್ಷೆಗಳನ್ನು ನಿಲ್ಲಿಸಿತು. ಬ್ರಿಟನ್ನಿನ ಸರ್ಕಾರಿ ನಕ್ಷೆಗಳ ಪ್ರಕಾಶಕ ಅಡ್ಮಿರಾಲ್ಟಿ 2026ರ ಕೊನೆಗೆ ನಿಲ್ಲಿಸುವೆನೆಂದು 2022ರಲ್ಲಿ ಹೇಳಿ, ಬಳಿಕ ಗಡುವನ್ನು ಕನಿಷ್ಠ 2030ಕ್ಕೆ ಮುಂದೂಡಿತು. ನಮ್ಮ ಅಭಿಪ್ರಾಯ ಸ್ಪಷ್ಟ: ಸಾಗರ ನಕ್ಷೆ ಮತ್ತು ದ್ವೀಪಸಮೂಹದ ನಕ್ಷೆ ಕಾಗದದಲ್ಲಿರಲಿ, ಬಂದರಿನ ವಿವರ ನಕ್ಷೆ ಎಲೆಕ್ಟ್ರಾನಿಕ್‌ನಲ್ಲಿದ್ದರೆ ಸಾಕು. ವಿದ್ಯುತ್ ಕೈಕೊಟ್ಟ ದೋಣಿ ಕಿರಿದಾದ ಬಂದರಿಗೆ ನುಗ್ಗುವ ಅಗತ್ಯವಿಲ್ಲ, ಆದರೆ ದಿಬ್ಬಗಳಿಂದ ದೂರ ಉಳಿಯಲೇಬೇಕು.

ಹಳೆಯ ಕಾಗದದ ನಕ್ಷೆ ಕೊಳ್ಳುವಾಗ ಮೂರು ಕಡೆ ಕಣ್ಣಾಡಿಸಿ. ಕೆಳಗಿನ ಎಡಮೂಲೆಯಲ್ಲಿ ತಿದ್ದುಪಡಿಗಳ ಸಂಖ್ಯೆ ಎಲ್ಲಿಗೆ ನಿಂತಿದೆ? ಅಲ್ಲಿಂದಾಚೆಯ ನಾವಿಕರ ಸೂಚನೆಗಳನ್ನು ನೀವೇ ಬರೆದುಕೊಳ್ಳಬೇಕು. ಟೋಂಗಾದ ಹೋಮ್ ರೀಫ್ ಜ್ವಾಲಾಮುಖಿ 2022ರ ಸೆಪ್ಟೆಂಬರ್‌ನಲ್ಲಿ ನೀರಿನಿಂದ ಹೊಸ ದ್ವೀಪವನ್ನೇ ಎಬ್ಬಿಸಿತು, ಅದಕ್ಕಿಂತ ಮುಂಚಿನ ಹಾಳೆಗೆ ಇದು ಗೊತ್ತಿರುವುದಿಲ್ಲ. ಎರಡನೆಯದು, ಆಳ ಯಾವ ಮಾನದಲ್ಲಿದೆ? ಒಂದು ಫ್ಯಾದಮ್ 1.83 ಮೀಟರ್, ಆರು ಅಡಿ. ಫ್ಯಾದಮ್ ನಕ್ಷೆಯಲ್ಲಿ ದೊಡ್ಡ 3ರ ಪಕ್ಕ ಕೆಳಗೆ ಚಿಕ್ಕ 4 ಇದ್ದರೆ ಮೂರು ಫ್ಯಾದಮ್ ನಾಲ್ಕು ಅಡಿ, ಅಂದರೆ 6.7 ಮೀಟರ್. ಇದನ್ನು ಮೀಟರ್ ಎಂದು ಓದಿದರೆ ನಷ್ಟವಿಲ್ಲ. ಅಡಿಯ ನಕ್ಷೆಯನ್ನು ಮೀಟರ್ ಎಂದು ಓದಿದರೆ ಮಾತ್ರ ದೋಣಿ ನೆಲ ಕಚ್ಚುತ್ತದೆ. ಮೂರನೆಯದು ಆಳದ ಶೂನ್ಯಮಟ್ಟ. ಬ್ರಿಟನ್, ಫ್ರಾನ್ಸ್‌ನವು ಖಗೋಳ ಲೆಕ್ಕದ ಅತಿ ಕಡಿಮೆ ಇಳಿತದಿಂದ ಎಣಿಸುತ್ತವೆ. ಅಮೆರಿಕದ್ದು ದಿನದ ಕೆಳ ಇಳಿತಗಳ ಸರಾಸರಿ. ಸರಾಸರಿ ಆದ್ದರಿಂದ ಕೆಲವು ದಿನ ನೀರು ನಕ್ಷೆ ಹೇಳಿದ್ದಕ್ಕಿಂತ ಕೆಳಗೆ ಹೋಗುತ್ತದೆ.

ಪ್ರಶ್ನೆ: ಮಾರ್ಗದರ್ಶಿ ಪುಸ್ತಕಗಳಲ್ಲಿ ಒಳ್ಳೆಯದು ಯಾವುದೆಂದು ಗುರುತಿಸುವುದು ಹೇಗೆ? ಸರ್ಕಾರಿ ಪ್ರಕಟಣೆ ಸಾಕಾಗುವುದಿಲ್ಲವೆ?

ಎರಡೂ ಬೇಕು, ಏಕೆಂದರೆ ಎರಡರ ಓದುಗರು ಬೇರೆ. ಪೆಸಿಫಿಕ್ ದ್ವೀಪಗಳ ಅಮೆರಿಕದ ಸರ್ಕಾರಿ ಕೈಪಿಡಿ ಸೇಲಿಂಗ್ ಡೈರೆಕ್ಷನ್ಸ್, 126ನೇ ಸಂಖ್ಯೆಯದು, ಉಚಿತ. ಬ್ರಿಟನ್ನಿನದ್ದು ಮೂರು ಸಂಪುಟ. ದೂರದಿಂದ ದ್ವೀಪ ಹೇಗೆ ಕಾಣುತ್ತದೆ, ಪ್ರವಾಹ ಎತ್ತ ಎಳೆಯುತ್ತದೆ, ದೀಪಗಳೆಲ್ಲಿ ಎಂಬುದಕ್ಕೆ ಅವೇ ಆಧಾರ. ಆದರೆ ಅವು ಹಡಗುಗಳಿಗಾಗಿ ಬರೆದವು. ಅವು ಹೇಳುವ ಲಂಗರುದಾಣ 40 ಮೀಟರ್ ಆಳದಲ್ಲಿರಬಹುದು. ನಿಮ್ಮ ಸರಪಳಿ 60 ಮೀಟರ್ ಇದ್ದರೆ ಆಳದ ಐದು ಪಟ್ಟು ಸರಪಳಿ ಬಿಡುವ ಲೆಕ್ಕದಲ್ಲಿ 12 ಮೀಟರ್ ಮೀರಿದರೆ ಕಷ್ಟ.

ಪುಟ್ಟ ದೋಣಿಯವರ ಕೈಪಿಡಿ ಕೊಳ್ಳುವ ಮುನ್ನ ಯಾವುದಾದರೂ ಒಂದು ಲಂಗರುದಾಣದ ಪುಟ ತೆರೆದು ಕೆಲವು ಪ್ರಶ್ನೆ ಕೇಳಿ. ಬರೆದವರು ಆ ಜಾಗಕ್ಕೆ ಯಾವ ವರ್ಷ ಹೋಗಿದ್ದರು, ಅವರ ದೋಣಿ ಎಷ್ಟು ಮುಳುಗುತ್ತಿತ್ತು? 0.9 ಮೀಟರ್ ಮುಳುಗುವ ಎರಡೊಡಲಿನ ದೋಣಿಯವರು ಸಲೀಸು ಎಂದ ಜಾಗ ನಿಮ್ಮ 1.8 ಮೀಟರಿಗೆ ಸಲೀಸಲ್ಲ. ಚಿತ್ರದ ಆಳಗಳನ್ನು ಅಂದಿನ ಉಬ್ಬರ ಕಳೆದು ಕೊಟ್ಟಿದ್ದಾರೆಯೇ? ಚಿತ್ರಕ್ಕೆ ಅಳತೆಗೋಲು, ಉತ್ತರ ದಿಕ್ಕು ಇವೆಯೇ, ಇಲ್ಲ ಕೈಬರಹದ ಅಂದಾಜೆ? ತಳ ಮರಳೋ, ಕೆಸರೋ, ಹವಳದ ಚೂರೋ? ಯಾವ ಗಾಳಿಗೆ ಅಲ್ಲಿ ಆಸರೆಯಿಲ್ಲ ಎಂದು ಹೇಳಿದ್ದಾರೆಯೇ? ಕೊನೆಯ ಪ್ರಶ್ನೆಗೆ ಉತ್ತರ ಕೊಡದ ಪುಸ್ತಕವನ್ನು ಕಪಾಟಿಗೇ ಮರಳಿಸಿ. ಕಡಲತೀರದ ಸೊಬಗನ್ನು ಪುಟಗಟ್ಟಲೆ ಬಣ್ಣಿಸಿ, ಪಶ್ಚಿಮದ ಗಾಳಿ ಎದ್ದರೆ ಅದೇ ಜಾಗ ಬಲೆಯಾಗುತ್ತದೆ ಎಂಬ ಒಂದು ಸಾಲು ಬಿಟ್ಟ ಕೈಪಿಡಿಯಿಂದ ದೋಣಿ ಉಳಿಯುವುದಿಲ್ಲ.

ಪುಸ್ತಕದ ಸ್ಥಾನಾಂಕಗಳನ್ನು ನೇರವಾಗಿ ಪ್ಲಾಟರ್‌ಗೆ ತುಂಬಬೇಡಿ. ಡೇಟಂ ಯಾವುದೆಂದು ಮೊದಲು ನೋಡಿ. ಆಮೇಲೆ ಬರೆಯುವ ರೀತಿ: 17 ಡಿಗ್ರಿ 30.50 ನಿಮಿಷವೂ 17 ಡಿಗ್ರಿ 30 ನಿಮಿಷ 50 ಸೆಕೆಂಡೂ ಒಂದೇ ಅಲ್ಲ. ಎರಡರ ನಡುವೆ 617 ಮೀಟರ್. 180ನೇ ರೇಖಾಂಶ ಫಿಜಿಯ ತವೆಉನಿ ದ್ವೀಪವನ್ನೇ ಸೀಳಿ ಹೋಗುವುದರಿಂದ ಅಲ್ಲಿ ಪೂರ್ವ, ಪಶ್ಚಿಮ ಅಕ್ಷರ ತಪ್ಪುವುದು ಬಹಳ. ತುಂಬಿದ ಪ್ರತಿ ಬಿಂದುವನ್ನೂ ನಕ್ಷೆಯ ಮೇಲೆ ಕಣ್ಣಿಂದ ನೋಡಿ, ಬಿಂದುಗಳ ನಡುವಿನ ದೂರ ಮತ್ತು ದಿಕ್ಕು ಪುಸ್ತಕದ್ದಕ್ಕೆ ಕೂಡುತ್ತದೆಯೇ ಪರೀಕ್ಷಿಸಿ.

ಪ್ರಶ್ನೆ: ಹದಿನೈದು ವರ್ಷ ಹಳೆಯ ಕೈಪಿಡಿ ಕಡಿಮೆ ಬೆಲೆಗೆ ಸಿಗುತ್ತಿದೆ. ಕೊಳ್ಳಬಹುದೆ?

ಕೊಳ್ಳಿ. ಬೆಟ್ಟ, ಕೊಲ್ಲಿ, ಗಾಳಿಯ ಆಸರೆ ಹಾಗೇ ಇರುತ್ತವೆ. ಬಂದರು ಪ್ರವೇಶದ ನಿಯಮ, ಶುಲ್ಕ, ಇಂಧನ, ತೇಲುಗುರುತು, ಲಂಗರು ನಿಷೇಧದ ಗಡಿ ಇವುಗಳಿಗೆ ಮಾತ್ರ ಅದನ್ನು ನಂಬಬೇಡಿ. ಕವಲೊಡೆಯುವ ಕೆಲವು ಹವಳಗಳು ವರ್ಷಕ್ಕೆ ಹತ್ತು ಸೆಂಟಿಮೀಟರ್ ಬೆಳೆಯಬಲ್ಲವು, ಹಾಗಾಗಿ ಹಳೆಯ ಪುಸ್ತಕದಲ್ಲಿ ಎರಡು ಮೀಟರ್ ಎಂದಿದ್ದ ಹವಳದ ತಲೆ ಈಗ ಇನ್ನೂ ಮೇಲೆ ಬಂದಿರಬಹುದು.

ಪ್ರಶ್ನೆ: ಉಪಗ್ರಹ ಚಿತ್ರಗಳಲ್ಲಿ ಹವಳ ಸ್ಪಷ್ಟವಾಗಿ ಕಾಣುತ್ತದೆ. ಅದನ್ನೇ ನಕ್ಷೆಯಂತೆ ಬಳಸಬಹುದೆ?

ನಕ್ಷೆಯ ಜೊತೆಗೆ ಬಳಸಿ, ತುಂಬ ಉಪಯೋಗಕ್ಕೆ ಬರುತ್ತದೆ. ಸಿ, ಡಿ ದರ್ಜೆಯ ಲಗೂನ್‌ಗಳಲ್ಲಿ ದಿಬ್ಬದ ಸ್ಥಾನಕ್ಕೆ ಚಿತ್ರವೇ ನಕ್ಷೆಗಿಂತ ಹತ್ತಿರ. ಓಪನ್‌ಸಿಪಿಎನ್ ಎಂಬ ಉಚಿತ ತಂತ್ರಾಂಶ ಎಂಬಿಟೈಲ್ಸ್ ರೂಪದ ಚಿತ್ರಗಳನ್ನು ನಕ್ಷೆಯಂತೆ ತೆರೆಯುತ್ತದೆ. 17ನೇ ಹಂತದ ವಿವರದಲ್ಲಿ ಒಂದು ಚುಕ್ಕೆ ಸುಮಾರು 1.2 ಮೀಟರ್, 30 ಕಿ.ಮೀ. ಉದ್ದ, 20 ಕಿ.ಮೀ. ಅಗಲದ ಹವಳದ್ವೀಪಕ್ಕೆ ಆರು ಸಾವಿರಕ್ಕೂ ಹೆಚ್ಚು ತುಣುಕು, ಅಂದಾಜು 100 ಎಂಬಿ. ಒಳ್ಳೆಯ ಇಂಟರ್‌ನೆಟ್ ಇರುವ ಬಂದರಿನಲ್ಲೇ ಇಳಿಸಿಕೊಳ್ಳಿ. ಎರಡು ಬೇರೆ ಕಂಪನಿಗಳ ಚಿತ್ರ ತೆಗೆದುಕೊಳ್ಳಿ. ಒಂದರಲ್ಲಿ ಮೋಡ ಮುಚ್ಚಿದ್ದು ಇನ್ನೊಂದರಲ್ಲಿ ತೆರೆದಿರುತ್ತದೆ, ಮೋಡದ ನೆರಳನ್ನು ದಿಬ್ಬವೆಂದು ತಿಳಿಯುವ ತಪ್ಪೂ ತಪ್ಪುತ್ತದೆ. ಚಿತ್ರ ಕೂಡ ಹತ್ತಾರು ಮೀಟರ್ ಸರಿದಿರಬಹುದಾದ್ದರಿಂದ ಜೆಟ್ಟಿಯ ತುದಿಯಂಥ ಗುರುತಿನ ಪಕ್ಕ ನಿಂತು ತಾಳೆ ನೋಡಿ. ಆಳದ ಅಂಕಿ ಅದರಲ್ಲಿಲ್ಲ. ಕದಡಿದ ನೀರಿನಲ್ಲಿ ಅದು ಏನನ್ನೂ ತೋರಿಸುವುದಿಲ್ಲ.

ಪ್ರಶ್ನೆ: ಲಗೂನ್‌ನ ಬಾಯಿಯನ್ನು ನೀರು ನಿಂತಾಗ ದಾಟಿ ಎಂದು ಕೈಪಿಡಿ ಹೇಳುತ್ತದೆ. ಆದರೆ ಉಬ್ಬರವಿಳಿತದ ಪಟ್ಟಿಗೂ ಪ್ರವಾಹಕ್ಕೂ ತಾಳೆಯಾಗುವುದಿಲ್ಲ ಎನ್ನುತ್ತಾರೆ. ಏಕೆ?

ಲಗೂನ್‌ಗೆ ನೀರು ಬಾಯಿಂದಷ್ಟೇ ಬರುವುದಿಲ್ಲ. ಗಾಳಿಗೆ ಎದುರಾದ ಬದಿಯಲ್ಲಿ ಅಲೆಗಳು ದಿಬ್ಬದ ಮೇಲಿಂದ ಸದಾ ನೀರು ಸುರಿಯುತ್ತವೆ. ಹೊರಹೋಗಲು ಮಾತ್ರ ಬಾಯಿಯೊಂದೇ ದಾರಿ. ಲಗೂನ್ ಮಟ್ಟ ಸಮುದ್ರಕ್ಕಿಂತ ಎತ್ತರವಾಗಿ, ಒಳಹರಿವಿನ ಅವಧಿ ಕುಗ್ಗುತ್ತದೆ. ದಕ್ಷಿಣದಿಂದ ದೊಡ್ಡ ಅಲೆ ಕೆಲವು ದಿನ ಬಂದರೆ ಹೊರಹರಿವು ನಿಲ್ಲುವುದೇ ಇಲ್ಲ. ಫ್ರೆಂಚ್ ಪಾಲಿನೇಷ್ಯಾದ ಟುವಾಮೊಟು ದ್ವೀಪಗಳ ಕೆಲವು ಬಾಯಿಗಳಲ್ಲಿ ಅದು ಆರು ನಾಟ್ (ಗಂಟೆಗೆ ಆರು ಸಮುದ್ರಮೈಲಿ) ಮೀರುತ್ತದೆ. ತಹೀತಿಯಲ್ಲಿ ಚಂದ್ರನಿಗಿಂತ ಸೂರ್ಯನ ಎಳೆತ ಮೇಲುಗೈ ಆಗಿ ಮಧ್ಯಾಹ್ನ ಮತ್ತು ಮಧ್ಯರಾತ್ರಿಯ ಸುಮಾರಿಗೆ ಉಬ್ಬರ ಬರುತ್ತದೆ. ಆ ಲೆಕ್ಕವನ್ನು ಟುವಾಮೊಟುವಿಗೆ ಅನ್ವಯಿಸಿದರೆ ತಪ್ಪುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ಆ ಬಾಯಿಯ ಬಗ್ಗೆಯೇ ಬರೆದದ್ದನ್ನು ಹುಡುಕಿ, ಒಂದು ಗಂಟೆ ಮುಂಚೆ ತಲುಪಿ, ಹೊರಗೆ ನಿಂತು ನೋಡಿ. ಬಾಯಿಯ ಹೊರಗೆ ನೆಟ್ಟಗೆ ನಿಂತು ಒಡೆಯುವ ಅಲೆ ಕಂಡರೆ ಹೊರಹರಿವು ಗಾಳಿಗೆ ಎದುರಾಗಿದೆ, ಕಾಯಬೇಕು.

ಬೆಳಕಿನ ಲೆಕ್ಕ ಇದಕ್ಕಿಂತ ಮೇಲು. ಸೂರ್ಯ ಎತ್ತರದಲ್ಲಿ, ಬೆನ್ನ ಹಿಂದೆ ಇರಬೇಕು. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ. ಪಶ್ಚಿಮದ ಬದಿಯ ಬಾಯಿಯಿಂದ ಪೂರ್ವಕ್ಕೆ ಮುಖಮಾಡಿ ನುಗ್ಗುವುದಾದರೆ ಮಧ್ಯಾಹ್ನ ಒಂದರ ಮೇಲೆ ಒಳ್ಳೆಯದು. ಅರವತ್ತು ಮೈಲಿ ದಾರಿಯನ್ನು ಐದು ನಾಟ್‌ನಲ್ಲಿ ಸಾಗುವವರು ರಾತ್ರಿ ಒಂದಕ್ಕೇ ಹೊರಡಬೇಕು. ಪೋಲರಾಯ್ಡ್ ಕನ್ನಡಕ ಹಾಕಿದ ಒಬ್ಬರು ಮುಂತುದಿಯಲ್ಲಿ, ಸಾಧ್ಯವಾದರೆ ಹಾಯಿಕಂಬದ ಮೇಲೆ ನಿಲ್ಲಲಿ. ಕಡುನೀಲಿ ಆಳ, ತಿಳಿಹಸಿರು ಮರಳು, ಕಂದು ಅಥವಾ ಹಳದಿ ಎಂದರೆ ಹವಳ ಮೇಲೇ ಇದೆ. ಒಳಬಂದ ಜಾಡನ್ನು ಉಪಕರಣದಲ್ಲಿ ಉಳಿಸಿಕೊಳ್ಳಿ. ರಾತ್ರಿ ಓಡಬೇಕಾಗಿ ಬಂದರೆ ನಿಮ್ಮದೇ ಜಾಡಿಗಿಂತ ಒಳ್ಳೆಯ ನಕ್ಷೆಯಿಲ್ಲ.

ಪ್ರಶ್ನೆ: ಬಂದರಿನ ದಾರಿ ತೋರುವ ಕೆಂಪು, ಹಸಿರು ಗುರುತುಗಳು ಎಲ್ಲ ಕಡೆ ಒಂದೇ ಅರ್ಥವೆ?

ಅಲ್ಲ. ಅಮೆರಿಕ ಖಂಡಗಳು, ಕೆರಿಬಿಯನ್, ಜಪಾನ್, ಫಿಲಿಪ್ಪೀನ್ಸ್‌ನಲ್ಲಿ ಬಂದರಿಗೆ ಬರುವಾಗ ಕೆಂಪು ಬಲಕ್ಕೆ. ಉಳಿದ ಹೆಚ್ಚಿನ ಕಡೆ ಕೆಂಪು ಎಡಕ್ಕೆ. ಕೆರಿಬಿಯನ್ನಿಂದ ಫ್ರೆಂಚ್ ಪಾಲಿನೇಷ್ಯಾಗೆ ಹೋದವರಿಗೆ ಒಮ್ಮೆಲೇ ತಿರುವುಮುರುವಾಗುತ್ತದೆ. ಅಲ್ಲಿ ಲಗೂನ್ ಒಳಗೆ ದ್ವೀಪ ಸುತ್ತುವ ಕಾಲುವೆಗಳಲ್ಲಿ ಇನ್ನೊಂದು ಕ್ರಮವಿದೆ: ಹಸಿರು ಹೊರದಿಬ್ಬದ ಕಡೆ, ಕೆಂಪು ನೆಲದ ಕಡೆ.

ಪ್ರಶ್ನೆ: ಪ್ಲಾಟರ್ ಬೇಡ, ಟ್ಯಾಬ್ಲೆಟ್ ಒಂದೇ ಸಾಕು ಎಂದುಕೊಂಡಿದ್ದೇನೆ. ಸರಿಯೆ?

ಒಂದೇ ಸಾಲದು, ಎರಡಾದರೂ ಇರಲಿ. ವೈಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಇರುವುದಿಲ್ಲ, ಮೊಬೈಲ್ ಸಂಪರ್ಕವಿರುವ (ಸೆಲ್ಯುಲರ್) ಮಾದರಿಯನ್ನೇ ಕೊಳ್ಳಿ. ಸಿಮ್ ಇಲ್ಲದೆಯೂ ಅದರ ಜಿಪಿಎಸ್ ನಡೆಯುತ್ತದೆ. ಅದಕ್ಕೆ ಹೇಳಿರುವ ಬಳಕೆಯ ಉಷ್ಣತೆ 35 ಡಿಗ್ರಿವರೆಗೆ ಮಾತ್ರ. ಬಿಸಿಲಿನಲ್ಲಿಟ್ಟರೆ ಲಗೂನ್‌ನ ಬಾಯಿಯಲ್ಲೇ ಆರಿಹೋಗುತ್ತದೆ, ನೆರಳಿನ ಗೂಡು ಮಾಡಿ. ಹೊರಡುವ ಹಿಂದಿನ ದಿನ ಇಂಟರ್‌ನೆಟ್ ಆರಿಸಿ, ಎರಡೂ ಉಪಕರಣಗಳಲ್ಲಿ ಹೋಗುವ ಜಾಗವನ್ನು ಕೊನೆಯ ಹಂತದವರೆಗೆ ಹಿಗ್ಗಿಸಿ ನೋಡಿ. ಇಳಿಸಿಕೊಂಡಿದ್ದೇವೆ ಎಂದುಕೊಂಡ ನಕ್ಷೆಯ ಒಂದು ಚೌಕ ಬಿಟ್ಟುಹೋಗಿದ್ದರೆ ಅಲ್ಲೇ ಗೊತ್ತಾಗುತ್ತದೆ.